ವೈನಿಯ ಅವ್ವನಿಗೊಂದು ಫಿಲ್ಟರ್

ಹೋದ ವಾರ ಧಾರವಾಡದ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆ. ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು, ಬಿಸಿಲಿಗೊಂದು ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯಾಕೆ ಒಂದು ಕನ್ನಡಕದ ಜೊತೆಗೆ ಬೂದು ಬಣ್ಣದ ಸಣ್ಣ ಚೀಟಿಯನ್ನೂ ಎದುರಿಗಿಟ್ಟಳು. "ನೋಡ್ರಿ ಸರ, ಬರೀ ಕಣ್ಣಿಗೆ ಏನೂ ಕಾಣೂದಿಲ್ಲ. ಇದನ್ನ ಹಾಕ್ಕೊಂಡ್ರ ಚೀಟಿಯೊಳಗ ಮೀನು ಕಾಣ್ತದ. ಒರಿಜಿನಲ್ ಪೋಲರೈಸ್ಡ್ ಐತ್ರಿ" ಎಂದಳು. ನಾನು ಮೀನಿನ ಕಡೆ ನೋಡಲಿಲ್ಲ. ಕನ್ನಡಕವನ್ನು ಕೈಯಲ್ಲಿ ಹಿಡಿದು ಕೌಂಟರಿನ ಪಕ್ಕಕ್ಕೆ ಸರಿದು, ಓರೆಯಾಗಿ ಬಗ್ಗಿ, ಒಂದು ಕಣ್ಣು ಮುಚ್ಚಿ, ಅದರ ಒಂದೇ ಗಾಜಿನ ಮೂಲಕ ಕೌಂಟರಿನ ಗಾಜಿನ ಮೇಲ್ಮೈಯನ್ನು ನೋಡುತ್ತಾ ಕನ್ನಡಕವನ್ನು ನಿಧಾನಕ್ಕೆ ತಿರುಗಿಸಿದೆ. ಗಾಜಿನ ಮೇಲೆ ಬಿದ್ದಿದ್ದ ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಮಂಕಾಗಿ, ಇಲ್ಲವಾಗಿ, ಕೆಳಗಿದ್ದ ಫ್ರೇಮುಗಳೆಲ್ಲ ಸ್ಪಷ್ಟ ಕಂಡವು. ಇನ್ನಷ್ಟು ತಿರುಗಿಸಿದರೆ ಪಟ್ಟಿ ಮರಳಿ ಬಂತು. "ಚಲೋ ಅದ, ಕೊಡ್ರಿ" ಎಂದೆ.

"ಮಾರಿಗೆ ಹಾಕ್ಕೊಂಡು ನೋಡೂದಿಲ್ಲೇನ್ರಿ ಸರ?" ಎಂದು ಆಕೆ ಕೇಳಿದಳು. ಪಾಪ, ಕನ್ನಡಕ ಕೊಳ್ಳಲು ಬಂದು ಕೌಂಟರು ನೋಡಿ ಹೋಗುವ ಗಿರಾಕಿಯನ್ನು ಆಕೆ ಕಂಡಿರಲಿಕ್ಕಿಲ್ಲ.

ಮುಖಕ್ಕೆ ಒಪ್ಪುತ್ತದೋ ಇಲ್ಲವೋ ಎಂಬ ಚಿಂತೆಯನ್ನು ನನ್ನ ವಯಸ್ಸಿನವರು ನೋಡುವವರಿಗೆ ಬಿಟ್ಟುಬಿಡಬೇಕು. ಆದರೆ ಪೋಲರೈಸರ್ ಎಂದು ಹೇಳಿ ಕೊಡುವ ಗಾಜನ್ನು ತಿರುಗಿಸಿ ನೋಡದೆ ಕೊಳ್ಳಬಾರದು. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಅದು ಬಂದದ್ದು ಗೋವಾದ ಮಡಗಾಂವ್‌ನಲ್ಲಿ, ಗಂಗಾ ವೈನಿಯ ದೇವರಮನೆಯಲ್ಲಿ. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಡಗಾಂವ್‌ನ ಒಂದು ಖಾಸಗಿ ಆಫೀಸಿನಲ್ಲಿ ಗುಮಾಸ್ತ, ಇನ್ನೂ ಮದುವೆಯಾಗದವನು. ಬೆಳಗಾವಿ ಕಡೆಯ ಶಂಕ್ರಣ್ಣ ಎಂಬ ಬಟ್ಟೆ ವ್ಯಾಪಾರಿಯ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅವರ ಸಂಸಾರ. ಬಾಡಿಗೆಯ ಮಾತಾಡುವಾಗ ಊಟದ ಮಾತು ಇರಲಿಲ್ಲ. ಆದರೆ ನಾನು ಹೋದ ಮೂರನೆಯ ದಿನವೇ ಶಂಕ್ರಣ್ಣನ ಹೆಂಡತಿ, ನಾನು ಅತ್ತಿಗೆಯ ಸಲುಗೆಯಿಂದ ವೈನಿ ಎನ್ನುತ್ತಿದ್ದ ಗಂಗಾ ವೈನಿ, ಮೆಟ್ಟಿಲ ಬುಡದಲ್ಲಿ ನಿಂತು, "ತಮ್ಮಾ, ಖಾನಾವಳಿ ಕೂಳು ಎಷ್ಟ ದಿವಸ ತಿಂತಿ? ರೊಟ್ಟಿ ಬಡದೇನಿ, ಬಾ ಕೆಳಗ" ಎಂದು ಕರೆದರು. ಅಲ್ಲಿಂದ ಮುಂದೆ ಹನ್ನೊಂದು ವರ್ಷ ನಾನು ಮೇಲೆ ಮಲಗಿದ್ದಷ್ಟೇ, ಬದುಕಿದ್ದು ಕೆಳಗೆ.

ಆ ಕಾಲದಲ್ಲಿ ನನಗೆ ಫೋಟೋದ ಹುಚ್ಚು ಹತ್ತಿತ್ತು. ಆಫೀಸಿನವರೊಬ್ಬರಿಂದ ಹಳೆಯ ರಷ್ಯನ್ ಕ್ಯಾಮೆರಾ ಕೊಂಡಿದ್ದೆ. ಕೊರಳಿಗೆ ಹಾಕಿಕೊಂಡರೆ ಕುತ್ತಿಗೆ ತಾನಾಗಿ ಬಾಗುವಷ್ಟು ಭಾರ. ಪ್ರತಿ ಭಾನುವಾರ ಸಮುದ್ರದ ದಂಡೆಗೆ ಹೋಗಿ ಸೂರ್ಯ ಮುಳುಗುವುದನ್ನು ತೆಗೆಯುತ್ತಿದ್ದೆ. ಸೂರ್ಯ ತಪ್ಪದೆ ಮುಳುಗುತ್ತಿದ್ದ, ಸಮುದ್ರ ಮಾತ್ರ ನನ್ನ ಚಿತ್ರಗಳಲ್ಲಿ ಯಾವತ್ತೂ ಎಡಕ್ಕೆ ವಾಲಿರುತ್ತಿತ್ತು. ಶಂಕ್ರಣ್ಣ ಪ್ರಿಂಟುಗಳನ್ನು ಕೈಯಲ್ಲಿ ಹಿಡಿದು, "ನೀರೆಲ್ಲಾ ಕಾರವಾರದ ಕಡೆ ಹರಿದು ಹೊಂಟದಲ್ಲೋ" ಎಂದು ನಗುತ್ತಿದ್ದರು. ಹೀಗಿದ್ದರೂ ನಾನು ನನ್ನನ್ನು ಫೋಟೋಗ್ರಾಫರ್ ಎಂದೇ ತಿಳಿದಿದ್ದೆ, ಕೇಳಿದವರಿಗೂ ಕೇಳದವರಿಗೂ ಹಾಗೆಯೇ ಹೇಳುತ್ತಿದ್ದೆ.

ವೈನಿಯ ದೇವರಮನೆ ಅಡುಗೆಮನೆಗೆ ಹೊಂದಿಕೊಂಡ ಕಿರಿದಾದ ಕೋಣೆ. ಒಂದು ಗೋಡೆಗೆ ದೇವರ ಜಗಲಿ, ಅದರ ಪಕ್ಕದ ಗೋಡೆಗೆ ವೈನಿಯ ತಾಯಿಯ ಫೋಟೋ. ಎದುರಿಗೊಂದು ಕಿಟಕಿ. ತಾಯಿ ತೀರಿಕೊಂಡಾಗ ವೈನಿಗೆ ಎರಡು ವರ್ಷವಂತೆ. ಮುಖ ನೆನಪಿಲ್ಲ, ದನಿ ನೆನಪಿಲ್ಲ. ಬೆಳಗಾವಿಯ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದ ಈ ಒಂದು ಫೋಟೋ ಬಿಟ್ಟರೆ ಇನ್ನೊಂದಿಲ್ಲ. ವೈನಿ ಶುಕ್ರವಾರಕ್ಕೊಮ್ಮೆ ಸ್ನಾನ ಮಾಡಿ ಬಂದು, ಒದ್ದೆ ಬಟ್ಟೆಯಿಂದ ಅದರ ಗಾಜು ಒರೆಸಿ, ಹಣೆಯ ಜಾಗದಲ್ಲಿ ಕುಂಕುಮವಿಟ್ಟು, ಎದುರಿಗೆ ನಿಂತು ಮಾತಾಡುತ್ತಿದ್ದರು. ಪ್ರಾರ್ಥನೆಯಲ್ಲ, ಮಾತು. "ಅವ್ವಾ, ಸೊಂಟನೋವು ತಡೀವಲ್ದು ನೋಡು." "ಅವ್ವಾ, ವಿಜಿ ಪರೀಕ್ಷಾ ಬರ್ಯಾಕ ಹೋಗ್ಯಾಳ, ಆಕೀ ಸಂಗತಿ ಇರು." ವಿಜಿ ಎಂದರೆ ಅವರ ಮಗಳು. ನಾನು ಇದನ್ನೆಲ್ಲ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಾ ಕೇಳುತ್ತಿದ್ದೆ.

ಗೋವಾದ ಮಳೆಗಾಲ ಕಂಡವರಿಗೆ ಗೊತ್ತು, ಅಲ್ಲಿ ಬೂಸು ಹಿಡಿಯದ ವಸ್ತು ಇಲ್ಲ. ಚಪ್ಪಲಿಗೆ ಹಿಡಿಯುತ್ತದೆ, ಬೆಲ್ಟಿಗೆ ಹಿಡಿಯುತ್ತದೆ, ಪುಸ್ತಕದ ಬೆನ್ನಿಗೆ ಹಿಡಿಯುತ್ತದೆ. ವೈನಿಯ ಅವ್ವನ ಫೋಟೋ ಗಾಜಿಗೆ ಪೂರ್ತಿ ಅಂಟಿಕೊಂಡಿತ್ತು. ಕೆಳಗಿನ ಅಂಚಿನಿಂದ ಬೂಸು ಮೇಲಕ್ಕೆ ಹತ್ತುತ್ತಿತ್ತು. ವೈನಿ ಪ್ರತಿ ಮಳೆಗಾಲ ಕಳೆದ ಮೇಲೆ ಅದನ್ನು ಬೆರಳಿನಿಂದ ಅಳೆಯುತ್ತಿದ್ದರು. ಸೀರೆಯ ನಿರಿಗೆ ಹೋಯಿತು, ಕೈಬಳೆ ಹೋಯಿತು, ಕೊರಳ ಸರ ಹೋಯಿತು. ನಾನು ಹೇಳುತ್ತಿರುವ ವರ್ಷ ಅದು ಗದ್ದಕ್ಕೆ ಬಂದು ನಿಂತಿತ್ತು. "ಈ ಮಳಿಗೆ ಬಾಯಿ ಮುಚ್ತದ. ಮುಂದಿನ ಮಳಿಗೆ ಕಣ್ಣು" ಎಂದು ವೈನಿ ಲೆಕ್ಕ ಹೇಳಿದರು. ಹೇಳುವಾಗ ದನಿ ಏರಿಳಿಯಲಿಲ್ಲ, ಅದೇ ನನಗೆ ಸಂಕಟವಾಯಿತು.

ಅದಕ್ಕೂ ಮೊದಲೇ ಇಬ್ಬರು ಸ್ಟುಡಿಯೋದವರು ಬಂದು ಹೋಗಿದ್ದರು. ಒಬ್ಬ, ಗಾಜು ಒಡೆದು ಸುಲಿಯಬೇಕು, ಹರಿದರೆ ನನ್ನ ಜವಾಬ್ದಾರಿಯಲ್ಲ ಎಂದ. "ನನ್ನ ಅವ್ವನ ಮಾರಿ ಸುಲ್ಯಾಕ ನಾ ಬಿಡಾಂಗಿಲ್ಲ" ಎಂದು ವೈನಿ ಅವನನ್ನು ಬಾಗಿಲಿನಿಂದಲೇ ಕಳಿಸಿದರು. ಇನ್ನೊಬ್ಬ ಫ್ಲ್ಯಾಶ್ ಹೊಡೆದು ತೆಗೆದುಕೊಂಡು ಹೋದ. ಅವನು ತಂದುಕೊಟ್ಟ ಪ್ರಿಂಟಿನಲ್ಲಿ ಮುಖದ ಜಾಗದಲ್ಲಿ ಬೆಳ್ಳಗಿನ ಉಂಡೆ ಇತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಈ ಮಾತು ಬಂತು. ನಾನು ಎಲ್ಲೋ ಒಂದು ಪತ್ರಿಕೆಯಲ್ಲಿ ಪೋಲರೈಸಿಂಗ್ ಫಿಲ್ಟರಿನ ಬಗ್ಗೆ ಅರ್ಧ ಪುಟ ಓದಿದ್ದೆ. ಅರ್ಧ ಪುಟದ ಪಂಡಿತ ಸುಮ್ಮನಿರುತ್ತಾನೆಯೇ? "ಅದಕ್ಕೇನ ಮಹಾ ವೈನಿ, ಲೆನ್ಸಿಗೆ ಹಾಕೂದೊಂದು ಫಿಲ್ಟರ್ ಬರ್ತದ. ಗಾಜಿನ ಹೊಳಪ ಹೋಗಿಬಿಡ್ತದ, ಹಿಂದಿಂದು ಹಂಗ ಕಾಣ್ತದ" ಎಂದೆ. ಶಂಕ್ರಣ್ಣ, "ಮೊದ್ಲ ನಿನ್ನ ಸಮುದ್ರ ನೆಟ್ಟಗ ನಿಲ್ಲಸು" ಎಂದರು. ವೈನಿ ನಗಲಿಲ್ಲ. ಕೈಯಲ್ಲಿದ್ದ ಸಾರಿನ ಸವಟು ಪಾತ್ರೆಗೆ ಬಿಟ್ಟು ನನ್ನನ್ನೇ ನೋಡಿದರು.

"ಖರೇ ಹೇಳು ತಮ್ಮಾ. ಆಗ್ತದಂದ್ರ ಆಗ್ತದನ್ನು, ಇಲ್ಲಂದ್ರ ಇಲ್ಲನ್ನು. ಸುಳ್ಳ ಆಸೆ ಹಚ್ಚಬ್ಯಾಡ."

ಆ ಕಣ್ಣುಗಳ ಎದುರಿಗೆ "ಪತ್ರಿಕೆಯಲ್ಲಿ ಓದಿದ್ದು ಅಷ್ಟೇ" ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಆಗ್ತದ್ರಿ. ಮಳಿ ಹಿಡಿಯೂದ್ರಾಗ ಮಾಡಿಕೊಡ್ತೇನಿ" ಎಂದುಬಿಟ್ಟೆ. ಆಗ ಏಪ್ರಿಲ್ ನಡೆಯುತ್ತಿತ್ತು. ಕೈಯಲ್ಲಿ ಏಳೆಂಟು ವಾರ.

ಮರುದಿನವೇ ಪೇಟೆಗೆ ಹೋಗಿ ಪೋಲರೈಸರ್ ಕೇಳಿದೆ. ಅಂಗಡಿಯವ ಧೂಳು ಹಿಡಿದ ಡಬ್ಬಿಯಿಂದ ಬೂದು ಬಣ್ಣದ ಗಾಜೊಂದನ್ನು ತೆಗೆದು ಕೊಟ್ಟ. ಪತ್ರಿಕೆಯಲ್ಲಿ ಬೂದು ಬಣ್ಣ ಎಂದೇ ಬರೆದಿತ್ತು. ಲೆನ್ಸಿನ ಬಾಯಿಗೆ ತಿರುಪು ಸರಿಯಾಗಿ ಕೂತಿತು. ನನಗೆ ಇನ್ನೇನು ಬೇಕು? ಕುಣಿಯುತ್ತಾ ಬಂದು ಅರ್ಧ ರೋಲು ಮುಗಿಸಿದೆ. ಫಿಲ್ಮು ತೊಳೆದು ಬಂದಾಗ ಕಿಟಕಿಯ ನೆರಳು, ನನ್ನ ಕೈ, ನನ್ನ ಹೊಟ್ಟೆ ಎಲ್ಲವೂ ಅವ್ವನ ಮೇಲೆ ಮೂಡಿದ್ದವು, ಒಂದಿಷ್ಟು ಮಬ್ಬಾಗಿ. ವೈನಿ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ಅವ್ವಗಿಂತ ನೀನ ಚಲೋ ಬಂದೀ" ಎಂದರು. ಬೈದಿದ್ದರೆ ವಾಸಿಯಿತ್ತು.

ಶಂಕ್ರಣ್ಣ ಈ ಸಲ ನಗಲಿಲ್ಲ, ಅಂಗಡಿಯಿಂದ ಕಪ್ಪು ಬಟ್ಟೆಯ ಒಂದು ಥಾನನ್ನೇ ಹೊತ್ತು ತಂದರು. ಕ್ಯಾಮೆರಾದ ಸುತ್ತ ಕಪ್ಪು ಪರದೆ ಕಟ್ಟಿದರೆ ಗಾಜಿನಲ್ಲಿ ಯಾವ ನೆರಳೂ ಮೂಡುವುದಿಲ್ಲ ಎಂದು ಅವರ ವಾದ. ವಾದ ಸರಿಯೇ ಇತ್ತು. ಆದರೆ ಆ ಗಾಜು ಹಳೆಯ ಕಾಲದ್ದು, ಮೇಲೆಲ್ಲ ಸಣ್ಣ ಏರಿಳಿತ. ಎದುರಿಗೆ ಪರದೆ ಹಿಡಿದರೆ ಅದರ ಪಕ್ಕದಿಂದ ಕಿಟಕಿಯ ಬೆಳಕನ್ನು ಎಳೆದು ತರುತ್ತಿತ್ತು, ಕಿಟಕಿ ಮುಚ್ಚಿದರೆ ಅವ್ವನೇ ಕಾಣುತ್ತಿರಲಿಲ್ಲ. ಹೊರಗೆ ಅಂಗಳಕ್ಕೆ ಒಯ್ಯೋಣವೆಂದರೆ, ಫ್ರೇಮಿನ ಹಿಂದಿನ ಹಲಗೆ ಗೆದ್ದಲು ತಿಂದು ಗೋಡೆಯ ಆಸರೆಯಿಂದಷ್ಟೇ ನಿಂತಿತ್ತು. ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಥಾನನ್ನು ಸುತ್ತಿ ಶಂಕ್ರಣ್ಣ ಅಂಗಡಿಗೆ ಮರಳಿದರು.

ಆಮೇಲೆ ನಾನು ಮಿಗೆಲ್ ಮಾಮನ ಹತ್ತಿರ ಹೋದೆ. ಚರ್ಚಿನ ಹಿಂದಿನ ಓಣಿಯಲ್ಲಿ ಅವನದೊಂದು ಮುದಿ ಸ್ಟುಡಿಯೋ. ಮದುವೆಗಳನ್ನು ತೆಗೆಯುವುದು ಬಿಟ್ಟು ಈಗ ಪಾಸ್‌ಪೋರ್ಟ್ ಫೋಟೋ ಮಾತ್ರ ತೆಗೆಯುತ್ತಿದ್ದ. ಕೊಂಕಣಿಯಲ್ಲೇ ಮಾತು, ನನ್ನ ಹರಕು ಕೊಂಕಣಿಗೆ ಅವನು ತಾಳ್ಮೆಯಿಂದ ಕಿವಿಗೊಡುತ್ತಿದ್ದ. ನಾನು ಕೊಟ್ಟ ಫಿಲ್ಟರನ್ನು ಕಣ್ಣಿಗೆ ಹಿಡಿದು, ಮೇಜಿನ ಗಾಜಿನ ಕಡೆ ನೋಡಿ, ತಿರುಗಿಸಿ, ನನ್ನ ಕೈಗೇ ಮರಳಿ ಕೊಟ್ಟ. ಇದು ಬೆಳಕು ಕಮ್ಮಿ ಮಾಡುವ ಬರೀ ಬೂದು ಗಾಜು, ಪೋಲರೈಸರ್ ಅಲ್ಲ ಎಂದ. ಬಣ್ಣ ನೋಡಿ ಕೊಂಡಿದ್ದೆನಲ್ಲ, ನನ್ನ ಮುಖ ಆ ಗಾಜಿನಷ್ಟೇ ಬೂದಾಯಿತು.

ಪೋಲರೈಸರ್ ಏನು ಮಾಡುತ್ತದೆಂದು ಅವನು ಕಿಟಕಿಯ ಸರಳು ತೋರಿಸಿ ತಿಳಿಸಿದ. ಉದ್ದಕ್ಕೆ ಹಿಡಿದ ಕೋಲು ಸರಳುಗಳ ನಡುವೆ ತೂರುತ್ತದೆ, ಅಡ್ಡ ಹಿಡಿದದ್ದು ತೂರುವುದಿಲ್ಲ. ಗಾಜಿನಿಂದ ಓರೆಯಾಗಿ ಪುಟಿದು ಬರುವ ಹೊಳಪೂ ಒಂದೇ ದಿಕ್ಕಿಗೆ ಮಲಗಿದ ಕೋಲುಗಳ ಹಾಗೆ. ಫಿಲ್ಟರನ್ನು ತಿರುಗಿಸಿ ಸರಳುಗಳನ್ನು ಅದಕ್ಕೆ ಅಡ್ಡ ಹಿಡಿದರೆ ಹೊಳಪು ಆಚೆಯೇ ಉಳಿಯುತ್ತದೆ. ಆದರೆ ಎದುರಿಗೆ ನೆಟ್ಟಗೆ ನಿಂತರೆ ಆಟ ನಡೆಯುವುದಿಲ್ಲ, ಓರೆಗೆ ನಿಲ್ಲಬೇಕು. ಓರೆಗೆ ನಿಂತರೆ ಮುಖ ಕಿರಿದಾಗುವುದಿಲ್ಲವೇ ಎಂದು ಕೇಳಿದೆ. "ರಾವ್ ರೇ", ತಡಿಯೋ, ಎಂದ. ಪ್ರಿಂಟು ಹಾಕುವಾಗ ಕಾಗದದ ಹಲಗೆಯನ್ನೂ ಅಷ್ಟೇ ಓರೆ ಮಾಡಿ ಸರಿಪಡಿಸುವುದು ನನ್ನ ಕೆಲಸ, ನೀನು ಹೊಳಪಿಲ್ಲದ ನೆಗೆಟಿವ್ ತಾ ಎಂದ.

ಬೀಳ್ಕೊಡುವಾಗ ಇನ್ನೊಂದು ಮಾತನ್ನೂ ಕೇಳಿದ. ಆ ಮನೆಯಲ್ಲಿ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆಯೇ ಎಂದು. ಹೌದು, ವಾರಕ್ಕೊಮ್ಮೆ ಎಂದೆ. ಅವನು ತಲೆಯಾಡಿಸಿದ. ನೀರು ಫ್ರೇಮಿನ ಸಂದಿಯಿಂದ ಇಳಿದು ಫೋಟೋದ ಮೇಲಿನ ಪದರವನ್ನು ಅಂಟಿನ ಹಾಗೆ ಮಾಡುತ್ತದೆ, ನಿಮ್ಮ ಕಡೆಯವರ ಮನೆಗಳಿಂದ ಬರುವ ಹಳೆಯ ಫೋಟೋಗಳೆಲ್ಲ ಹೀಗೇ, ಪ್ರೀತಿಯಿಂದಲೇ ಹಾಳಾದವು ಎಂದ. ವೈನಿಗೆ ಇದನ್ನು ಹೇಳಬೇಕೆ? ದಾರಿಯುದ್ದಕ್ಕೂ ಯೋಚಿಸಿ, ಮೊದಲು ಕೆಲಸವಾಗಲಿ ಎಂದು ಮುಂದೂಡಿದೆ.

ಮುಂದಿನ ನಾಲ್ಕು ಶನಿವಾರ ನಾನು ಫಿಲ್ಟರ್ ಹುಡುಕಲು ಪಟ್ಟ ಶ್ರಮವನ್ನು ವಧು ಹುಡುಕುವುದಕ್ಕೆ ಹಾಕಿದ್ದರೆ ಆ ವರ್ಷವೇ ಮದುವೆಯಾಗುತ್ತಿತ್ತು. ಪಣಜಿ, ವಾಸ್ಕೋ, ಮಾಪುಸಾ, ಎಲ್ಲಿ ಕ್ಯಾಮೆರಾದ ಬೋರ್ಡು ಕಂಡರೂ ಒಳಗೆ ನುಗ್ಗುತ್ತಿದ್ದೆ. ಕೊಟ್ಟದ್ದನ್ನು ಕೌಂಟರಿನ ಮೇಲೆ ಬಗ್ಗಿ ತಿರುಗಿಸುತ್ತಿದ್ದೆ. ಒಂದರ ಉಂಗುರ ತಿರುಗುತ್ತಿರಲಿಲ್ಲ. ಒಂದು ಹೊಳಪು ಕಳೆಯುತ್ತಿತ್ತು, ಜೊತೆಗೆ ಎಲ್ಲವನ್ನೂ ಹಸಿರು ಮಾಡುತ್ತಿತ್ತು. ಒಂದರ ಅಳತೆ ದೊಡ್ಡದು. ಪಣಜಿಯ ಅಂಗಡಿಯೊಂದರಲ್ಲಿ ಹೊಸದಾಗಿ ಬಂದ ಸರ್ಕ್ಯುಲರ್ ಪೋಲರೈಸರ್ ತೋರಿಸಿ, ಈಗ ಎಲ್ಲರೂ ಇದನ್ನೇ ಒಯ್ಯುವುದು, ನಿನ್ನ ಹಳೇ ನಮೂನೆ ಯಾರಿಗೆ ಬೇಕು ಎಂದರು. ಬೆಲೆ ಕೇಳಿ ನನ್ನ ಕಾಲು ಅರ್ಧ ಹೊರಗೆ ಬಂದಿತ್ತು, ಆದರೂ ಮಿಗೆಲ್ ಮಾಮನನ್ನು ಕೇಳಿದೆ. ನಿನ್ನ ಕ್ಯಾಮೆರಾ ತಾನೇ ಫೋಕಸ್ ಮಾಡುತ್ತದೆಯೇ ಎಂದು ಅವನು ಕೇಳಿದ. ನನ್ನ ಕ್ಯಾಮೆರಾದಲ್ಲಿ ನಾನು ಮಾಡಿದರೂ ಫೋಕಸ್ ಆಗುವುದಿಲ್ಲ ಎಂದೆ. ಹಾಗಿದ್ದರೆ ತಾನೇ ಫೋಕಸ್ ಮಾಡುವ ಹೊಸ ಕ್ಯಾಮೆರಾಗಳಿಗೆಂದು ಬಂದದ್ದು ನಿನಗೆ ಬೇಡ, ಹಳೆಯದೇ ಸರಿ, ಹುಡುಕು ಎಂದ.

ಹುಡುಕಿದೆ. ಮೇ ಕೊನೆಗೆ, ಆಕಾಶದಲ್ಲಿ ಮೋಡ ಕೂಡಿಕೊಳ್ಳುತ್ತಿದ್ದಾಗ, ವಾಸ್ಕೋದ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತು. ಅಂಚಿನಲ್ಲೊಂದು ಗೀರು, ಉಂಗುರ ಸಲೀಸು, ತಿರುಪು ನನ್ನ ಲೆನ್ಸಿನದೇ. ಕೌಂಟರಿನ ಮೇಲೆ ಬಗ್ಗಿ ತಿರುಗಿಸಿದೆ. ಗಾಜಿನ ಮೇಲಿದ್ದ ಬಾಗಿಲ ಬೆಳಕು ಆರಿಹೋಗಿ, ಕೆಳಗಿದ್ದ ಬ್ಯಾಟರಿ ಸೆಲ್ಲುಗಳ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದಿದೆ. ಅಂಗಡಿಯವನ ಎದುರಿಗೇ ಗಟ್ಟಿಯಾಗಿ ನಕ್ಕೆ.

ಮಾರನೆಯ ಬೆಳಿಗ್ಗೆ ಭಾನುವಾರ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂಡಿಸಿ, ಓರೆಗೆ ಸರಿದೆ. ಈ ಲೆನ್ಸಿನಲ್ಲಿ ಫೋಕಸ್ ಮಾಡುವಾಗ ಅದರ ಮೂತಿಯೂ ಮೂತಿಯ ಮೇಲಿನ ಫಿಲ್ಟರೂ ತಿರುಗುತ್ತಿದ್ದವು, ಆದ್ದರಿಂದ ಮೊದಲು ಫೋಕಸ್, ಆಮೇಲೆ ಫಿಲ್ಟರ್. ಇದನ್ನೂ ಎರಡು ಸಲ ತಪ್ಪಿ ಕಲಿತೆ. ಉಂಗುರ ತಿರುಗಿಸುತ್ತಾ ಹೋದೆ. ಕಿಟಕಿಯ ಬೆಳಕು ಮೆಲ್ಲಗೆ ಗಾಜಿನಿಂದ ಇಳಿದು ಹೋಯಿತು. ಎದುರಿಗಿದ್ದ ಹಿತ್ತಾಳೆಯ ದೀಪದ ಹೊಳಪು ಮಾತ್ರ ಹಾಗೆಯೇ ಉಳಿಯಿತು, ಲೋಹದ ಮೇಲೆ ಈ ಗಾಜಿನ ಆಟ ನಡೆಯುವುದಿಲ್ಲ. ಎಂಟು ಚಿತ್ರ ತೆಗೆದೆ. ಆಮೇಲೆ "ವೈನಿ, ನೀವೂ ನೋಡ್ರಿ" ಎಂದು ಪಕ್ಕಕ್ಕೆ ಸರಿದೆ.

ವೈನಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಣ್ಣು ಹಚ್ಚಿದರು. ಉಂಗುರದ ಮೇಲೆ ಅವರ ಬೆರಳು ಇಟ್ಟು, ತಿರುಗಿಸಿ ಎಂದೆ. ತಿರುಗಿಸಿದರು. ಶಂಕ್ರಣ್ಣ ಬಾಗಿಲಿನಿಂದ, "ಕಾಣಸ್ತೇನು?" ಎಂದರು.

"ಇಕಿ ಸಣ್ಣ ಹುಡುಗೀರಿ" ಎಂದರು ವೈನಿ.

ಇದುವರೆಗೂ ಎದುರಿಗೆ ನಿಂತಾಗಲೆಲ್ಲ ಅವರಿಗೆ ಅವ್ವನ ಮುಖದ ಮೇಲೆ ತಮ್ಮ ಮುಖದ ನೆರಳೂ ಕಾಣುತ್ತಿತ್ತು. ತಮಗೆ ವಯಸ್ಸಾದಂತೆ ಅವ್ವನಿಗೂ ಆಗುತ್ತಾ ಬಂದಿತ್ತು. ಈಗ ನೆರಳು ಸರಿದ ಮೇಲೆ ಅಲ್ಲಿದ್ದದ್ದು ಹತ್ತೊಂಬತ್ತು ವರ್ಷದ, ಕಿವಿಯ ಓಲೆ ದೊಡ್ಡದಾಯಿತೋ ಎನ್ನುವಂತಿದ್ದ, ಕ್ಯಾಮೆರಾಕ್ಕೆ ಹೆದರಿದ ಒಂದು ಹುಡುಗಿ. ವಿಜಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ವೈನಿ ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಅಳತೊಡಗಿದರು.

"ಸೊಂಟನೋವು, ಮಕ್ಕಳ ಪರೀಕ್ಷಾ, ಅಂಗಡಿ ತಾಪತ್ರೇ... ಎಲ್ಲಾ ಈ ಕೂಸಿನ ಮ್ಯಾಲೆ ಹೇರಿದ್ನಲ್ಲೋ ತಮ್ಮಾ. ಇಕೀಗೇನು ತಿಳೀತಿತ್ತು?"

ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು. ಅಂಥ ಹೊತ್ತಿನಲ್ಲಿ ಒದ್ದೆ ಬಟ್ಟೆಯ ಮಾತು ಹೇಗೆ ತೆಗೆಯಲಿ? ತೆಗೆಯಲಿಲ್ಲ. ಮಿಗೆಲ್ ಮಾಮ ಹಲಗೆ ಓರೆ ಮಾಡಿ ಮಾಡಿ, ಆರು ಕಾಗದ ಕೆಡಿಸಿ, ಏಳನೆಯದರಲ್ಲಿ ಆ ಹುಡುಗಿಯನ್ನು ನೆಟ್ಟಗೆ ನಿಲ್ಲಿಸಿದ. ಕಟ್ಟು ಹಾಕಿಸುವಾಗ ನಾನು ಗಾಜಿಗೂ ಫೋಟೋಕ್ಕೂ ನಡುವೆ, ಒಂದಕ್ಕೊಂದು ತಾಗದಂತೆ, ದಪ್ಪ ರಟ್ಟಿನ ಅಂಚು ಇಡಿಸಿದೆ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಳೆ ಹಿಡಿದ ಎರಡನೆಯ ದಿನ ಅದು ಗೋಡೆಗೆ ಬಂತು. ಶುಕ್ರವಾರ ವೈನಿ ಎಂದಿನಂತೆ ಒದ್ದೆ ಬಟ್ಟೆ ಹಿಡಿದು ಬಂದರು. ಆದರೆ ಅಂದಿನಿಂದ ಅವರು ಅವ್ವನಿಗೆ ತಮ್ಮ ಕಷ್ಟ ಹೇಳಿದ್ದನ್ನು ನಾನು ಕೇಳಲಿಲ್ಲ. ಒರೆಸುತ್ತಾ, "ಎಷ್ಟ ಧೂಳಾಗೇದ ನೋಡು ಮಾರಿ ಮ್ಯಾಲೆ" ಎನ್ನುತ್ತಿದ್ದರು, ಅಷ್ಟೇ.

ನಾನು ಧಾರವಾಡಕ್ಕೆ ಮರಳಿ ಬಹಳ ವರ್ಷಗಳಾದವು. ಶಂಕ್ರಣ್ಣ ಇಲ್ಲ. ವೈನಿ ಮಡಗಾಂವ್‌ನಲ್ಲೇ ವಿಜಿಯ ಸಂಗಡ ಇದ್ದಾರೆ, ಹಬ್ಬಕ್ಕೊಮ್ಮೆ ಫೋನು. ರಟ್ಟು ನೆನೆದು ಕುಸಿದು ಹೊಸ ಫೋಟೋವೂ ಗಾಜಿಗೆ ಅಂಟಿದೆ ಎಂದು ಹೋದ ದೀಪಾವಳಿಯಲ್ಲಿ ವಿಜಿ ಹೇಳಿದ್ದಳು. ಹೂಂ ಎಂದು ಸುಮ್ಮನಾಗಿದ್ದೆ. ಕನ್ನಡಕದ ಅಂಗಡಿಯಿಂದ ಮನೆಗೆ ಬಂದವನೇ, ಇನ್ನು ಮುಂದೂಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಫೋನು ಹಚ್ಚಿದೆ. "ವೈನಿ, ಒಂದ ಮಾತು ನಿಮಗ ಹೇಳೇ ಇಲ್ಲ. ಫೋಟೋ ಕೆಡೂದು ಮಳಿಗೆ ಅಲ್ಲ..."

"ನೀರಿಗೆ" ಎಂದರು ವೈನಿ. "ನಾ ಒರಸೂ ನೀರಿಗೆ. ನಿನ್ನ ರಟ್ಟು ನೋಡಿದಾಗನ ತಿಳೀತು ನನಗ."

"ಮತ್ತ ಒರಸೂದು ಯಾಕ ಬಿಡ್ಲಿಲ್ರಿ?"

"ಹ್ಯಾಂಗ ಬಿಡ್ಲೋ? ಆಕಿ ಮಾರಿ ಒರಸವ್ರು ಮತ್ತ್ಯಾರದಾರ ಆಕೀಗೆ?"

ಮರುದಿನ ಕಪಾಟಿನಿಂದ ನೆಗೆಟಿವ್ ಹುಡುಕಿ ತೆಗೆದು ಇಲ್ಲಿಯ ಸ್ಟುಡಿಯೋಕ್ಕೆ ಒಯ್ದೆ. ಎಷ್ಟು ಪ್ರತಿ ಬೇಕು ಎಂದು ಕೇಳಿದರು. ವೈನಿಯ ಕೈಯಲ್ಲಿ ಒಂದು ಫೋಟೋ ಮೂವತ್ತು ವರ್ಷ ಬರುತ್ತದೆ. ವೈನಿಗೆ ಈಗ ಎಂಬತ್ತೆರಡು. ಲೆಕ್ಕಕ್ಕೆ ಒಂದೇ ಸಾಕು.

ನಾನು ಐದು ಎಂದೆ.